ಎಣ್ಣೆ ಪೇಟೆಗೆ, ಪೊಟ್ಯಾಷ್ ಗಿರಣಿಯ ಹಿತ್ತಲಿಗೆ

ತಾಳೆ ಎಣ್ಣೆಯಲ್ಲಿ ಪೊಟ್ಯಾಷ್, ಅಂದರೆ ಗಿಡಕ್ಕೆ ಬೇಕಾದ ಪೊಟ್ಯಾಸಿಯಂ ಪೋಷಕಾಂಶ, ಇರುವುದಿಲ್ಲ. ಲೆಕ್ಕಕ್ಕೆ ಸಿಗುವಷ್ಟು ಸಾರಜನಕವಾಗಲಿ, ಮೆಗ್ನೀಷಿಯಂ ಆಗಲಿ ಅದರಲ್ಲಿಲ್ಲ. ಎಣ್ಣೆಯೆಂದರೆ ಇಂಗಾಲ, ಜಲಜನಕ, ಆಮ್ಲಜನಕ, ಅಷ್ಟೇ. ಮರ ಅವನ್ನು ಗಾಳಿಯಿಂದಲೂ ನೀರಿನಿಂದಲೂ ಪಡೆದು, ಬಿಸಿಲಿನ ಬಲದಲ್ಲಿ ಎಣ್ಣೆಯಾಗಿ ಕಟ್ಟುತ್ತದೆ. ಹಾಗಾದರೆ ರೈತ ವರ್ಷವರ್ಷವೂ ಕಂತು ಕಂತಾಗಿ ಮರದ ಬುಡಕ್ಕೆ ಹಾಕುವ ಗೊಬ್ಬರ ಎಲ್ಲಿಗೆ ಹೋಗುತ್ತದೆ? ಸ್ವಲ್ಪ ಭಾಗ ಕಾಂಡದಲ್ಲಿ, ಗರಿಗಳಲ್ಲಿ ಉಳಿಯುತ್ತದೆ. ಸ್ವಲ್ಪ ನೀರಿನೊಡನೆ ಬಸಿದು ಹೋಗುತ್ತದೆ. ದೊಡ್ಡದೊಂದು ಪಾಲು ಹಣ್ಣಿನ ಗೊನೆಯೊಳಗೆ ಸೇರಿ ಲಾರಿ ಏರುತ್ತದೆ. ಗಿರಣಿಯವರು ಎಣ್ಣೆಯನ್ನು ಹಿಂಡಿ ಪೇಟೆಗೆ ಕಳಿಸುತ್ತಾರೆ. ಮಣ್ಣಿನಿಂದ ಬಂದದ್ದೆಲ್ಲ ಗಿರಣಿಯ ಹಿತ್ತಲಿನಲ್ಲಿ ರಾಶಿಯಾಗಿ, ಕೊಳದಲ್ಲಿ ಕಂದು ನೀರಾಗಿ ನಿಲ್ಲುತ್ತದೆ.

ಗಿರಣಿಯ ತ್ಯಾಜ್ಯವನ್ನು ಕಾಂಪೋಸ್ಟ್ ಮಾಡಿ ತಾಳೆ ತೋಟಕ್ಕೆ ಮರಳಿಸುವ ಮಾತು ಬಂದಾಗಲೆಲ್ಲ ಅದನ್ನು ಮಾಲಿನ್ಯ ನಿವಾರಣೆಯ ವಿಷಯವೆಂದೇ ಚರ್ಚಿಸುತ್ತೇವೆ. ನದಿ ಕೆಡಬಾರದು, ವಾಸನೆ ಬರಬಾರದು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ತಪ್ಪಬಾರದು ಎಂಬ ಕಾಳಜಿ ಅಲ್ಲಿ ಮುಂದಿರುತ್ತದೆ. ಇವೆಲ್ಲ ಸರಿಯೇ. ಆದರೆ ನನಗೆ ಇದು ಮೊದಲಿಗೆ ರೈತನ ಸ್ವತ್ತಿನ ಪ್ರಶ್ನೆಯಾಗಿ ಕಾಣುತ್ತದೆ. ಅವನು ದುಡ್ಡು ಕೊಟ್ಟು ತಂದ ಪೊಟ್ಯಾಷ್ ಅವನ ತೋಟದಿಂದ ಪುಕ್ಕಟೆಯಾಗಿ ಹೊರಗೆ ಹೋಗುತ್ತಿದೆ. ಅದು ಹಿಂದಿರುಗುವ ದಾರಿಯನ್ನು ನಮ್ಮ ದೇಶದಲ್ಲಿ ಯಾರೂ ಸರಿಯಾಗಿ ಕಟ್ಟಿಲ್ಲ.

ಇಲ್ಲಿ ಹೇಳುತ್ತಿರುವುದು ಓಲೆಗರಿಯ, ತಾಟಿನುಂಗಿನ ತಾಳೆಯ ಬಗ್ಗೆ ಅಲ್ಲ. ಪಶ್ಚಿಮ ಆಫ್ರಿಕಾ ಮೂಲದ ಎಣ್ಣೆ ತಾಳೆಯ ಬಗ್ಗೆ. ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ 11,040 ಕೋಟಿ ರೂಪಾಯಿಯ ತಾಳೆ ಎಣ್ಣೆ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿತು. 2019-20ರಲ್ಲಿ 3.5 ಲಕ್ಷ ಹೆಕ್ಟೇರ್ ಇದ್ದ ತಾಳೆ ಪ್ರದೇಶವನ್ನು 2025-26ರ ಹೊತ್ತಿಗೆ 10 ಲಕ್ಷ ಹೆಕ್ಟೇರ್‌ಗೆ ಮುಟ್ಟಿಸುವುದು ಅದರ ಗುರಿಯಾಗಿತ್ತು. ಸಸಿಗೆ, ಹನಿ ನೀರಾವರಿಗೆ, ಬೆಲೆ ಕುಸಿದರೆ ತುಂಬಿಕೊಡುವುದಕ್ಕೆ ಹಣ ತೆಗೆದಿಡಲಾಗಿದೆ. ಹೊಸ ತೋಟಗಳು ಫಲಕ್ಕೆ ಬಂದಂತೆ ಹೊಸ ಗಿರಣಿಗಳೂ ಬರುತ್ತವೆ, ಅವುಗಳ ಹಿತ್ತಲುಗಳೂ ತುಂಬುತ್ತವೆ. ಆ ರಾಶಿಯ ಗತಿ ಏನೆಂದು ಈಗಲೇ ಕೇಳಬೇಕು.

ಒಂದು ಟನ್ ಗೊನೆಯೊಳಗೆ ಏನಿದೆ

ಕೊಯ್ದ ಗೊನೆ 24 ಗಂಟೆಯೊಳಗೆ ಗಿರಣಿ ಸೇರಬೇಕು. ತಡವಾದರೆ ಹಣ್ಣಿನೊಳಗಿನ ಕಿಣ್ವಗಳು ಎಣ್ಣೆಯನ್ನು ಒಡೆದು ಆಮ್ಲೀಯತೆಯನ್ನು ಹೆಚ್ಚಿಸುತ್ತವೆ. ಗಿರಣಿಯಲ್ಲಿ ಗೊನೆಗಳನ್ನು ಉದ್ದನೆಯ ಉಕ್ಕಿನ ಕೊಳವೆಯಂಥ ಹಂಡೆಗೆ ನೂಕಿ, ಸುಮಾರು ಒಂದೂವರೆ ಗಂಟೆ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಬೆಂದ ಗೊನೆ ತಿರುಗುವ ಪಂಜರದೊಳಗೆ ಬಿದ್ದು ಹೊರಳಿದಾಗ ಹಣ್ಣು ಕಂಬಿಗಳ ಸಂದಿನಿಂದ ಕೆಳಗೆ ಉದುರುತ್ತದೆ. ಮುಳ್ಳುಮುಳ್ಳಾದ, ನಾರುನಾರಾದ ಬೋಳುಗೊನೆ ಇನ್ನೊಂದು ತುದಿಯಿಂದ ಹೊರಬೀಳುತ್ತದೆ. ಹಣ್ಣನ್ನು ಕುಟ್ಟಿ, ತಿರುಪಿನ ಗಾಣದಲ್ಲಿ ಹಿಂಡಿ, ಬಂದ ರಸವನ್ನು ಬಿಸಿನೀರು ಬೆರೆಸಿ ತಿಳಿಗೊಳಿಸಿದರೆ ಮೇಲೆ ಎಣ್ಣೆ ತೇಲುತ್ತದೆ, ಕೆಳಗೆ ಕೆಸರು ನೀರು ಉಳಿಯುತ್ತದೆ.

ಒಂದು ಟನ್ ಗೊನೆ ಒಳಗೆ ಹೋದರೆ ಹೆಚ್ಚೂಕಡಿಮೆ 200 ಕೆ.ಜಿ. ಎಣ್ಣೆ ಸಿಗುತ್ತದೆ, ನಮ್ಮಲ್ಲಿ ಇದಕ್ಕಿಂತ ಕಡಿಮೆಯೇ. ಬೋಳುಗೊನೆ 220 ಕೆ.ಜಿ.ಯ ಆಸುಪಾಸು ಬರುತ್ತದೆ. ಅಂದರೆ ಎಣ್ಣೆಗಿಂತ ಬೋಳುಗೊನೆಯ ತೂಕವೇ ಹೆಚ್ಚು. ಜೊತೆಗೆ ನಾರು ಮತ್ತು ಚಿಪ್ಪು ಸಿಗುತ್ತವೆ. ಇವನ್ನು ಗಿರಣಿಯೇ ತನ್ನ ಬಾಯ್ಲರ್‌ಗೆ ಉರುವಲಾಗಿ ಬಳಸಿಕೊಳ್ಳುತ್ತದೆ. ಇನ್ನು 600ರಿಂದ 700 ಲೀಟರ್ ಕೆಸರು ನೀರು. ಅದರಲ್ಲಿ 95 ಭಾಗ ನೀರೇ ಆದರೂ ಉಳಿದ ಐದು ಭಾಗ ಎಷ್ಟು ತೀಕ್ಷ್ಣವೆಂದರೆ ಅದರ ಜೈವಿಕ ಆಮ್ಲಜನಕ ಬೇಡಿಕೆ (ಕೊಳೆಯನ್ನು ತಿನ್ನುವ ಸೂಕ್ಷ್ಮಾಣುಗಳು ನೀರಿನಿಂದ ಹೀರುವ ಆಮ್ಲಜನಕದ ಅಳತೆ) ಲೀಟರಿಗೆ ಸುಮಾರು 25,000 ಮಿಲಿಗ್ರಾಂ. ಊರಿನ ಚರಂಡಿ ನೀರಿಗಿಂತ ಇದು ನೂರು ಪಟ್ಟು. ಹೊಳೆಗೆ ಬಿಟ್ಟರೆ ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ಈಗ ಪೊಟ್ಯಾಷ್ ಲೆಕ್ಕಕ್ಕೆ ಬರೋಣ. ಮಲೇಷ್ಯಾದಲ್ಲಿ 1960ರ ದಶಕದಿಂದಲೂ ಬಳಕೆಯಲ್ಲಿರುವ ಅಳತೆಯ ಪ್ರಕಾರ ಒಂದು ಟನ್ ಗೊನೆ ತನ್ನೊಡನೆ ಸುಮಾರು 2.9 ಕೆ.ಜಿ. ಸಾರಜನಕ, 0.4 ಕೆ.ಜಿ. ರಂಜಕ, 3.7 ಕೆ.ಜಿ. ಪೊಟ್ಯಾಸಿಯಂ, 0.8 ಕೆ.ಜಿ. ಮೆಗ್ನೀಷಿಯಂ ಹೊತ್ತೊಯ್ಯುತ್ತದೆ. ಹೆಕ್ಟೇರಿಗೆ 20 ಟನ್ ಗೊನೆ ಕೊಡುವ ಒಳ್ಳೆಯ ತೋಟದಿಂದ ಹೀಗೆ ವರ್ಷಕ್ಕೆ 74 ಕೆ.ಜಿ. ಪೊಟ್ಯಾಸಿಯಂ ಹೊರಹೋಗುತ್ತದೆ. ಆ 20 ಟನ್‌ನಿಂದ ಬರುವ ನಾಲ್ಕೂವರೆ ಟನ್ ಬೋಳುಗೊನೆಯಲ್ಲಿ 38 ಕೆ.ಜಿ. ಇರುತ್ತದೆ. ಕೆಸರು ನೀರಿನಲ್ಲಿ ಲೀಟರಿಗೆ ಎರಡು ಗ್ರಾಂಗಿಂತ ಹೆಚ್ಚು ಪೊಟ್ಯಾಸಿಯಂ ಇರುವುದರಿಂದ ಸುಮಾರು 13,000 ಲೀಟರ್‌ನಲ್ಲಿ 30 ಕೆ.ಜಿ. ಸಿಗುತ್ತದೆ. ಎರಡನ್ನೂ ಕೂಡಿಸಿದರೆ 68 ಕೆ.ಜಿ. ಬೇರೆ ಬೇರೆ ಅಳತೆಗಳನ್ನು ಕೂಡಿಸಿದ ಲೆಕ್ಕವಿದು. ಒಂದೊಂದು ಗಿರಣಿಯಲ್ಲಿ ಅಂಕಿಗಳು ಆಚೀಚೆ ಆಗುತ್ತವೆ. ಆದರೂ ಚಿತ್ರ ಸ್ಪಷ್ಟವಾಗಿದೆ: ತೋಟದಿಂದ ಹೋದ ಪೊಟ್ಯಾಷ್‌ನ ಬಹುಪಾಲು ಈ ಎರಡು ತ್ಯಾಜ್ಯಗಳಲ್ಲೇ ಕುಳಿತಿದೆ.

ಸಾರಜನಕದ ಲೆಕ್ಕ ಇಷ್ಟು ಒಳ್ಳೆಯದಲ್ಲ. ಬೋಳುಗೊನೆ ಮತ್ತು ಕೆಸರು ನೀರು ಸೇರಿದರೂ ಹೋದದ್ದರ ಅರ್ಧವೂ ಸಿಗುವುದಿಲ್ಲ. ಬೀಜದೊಳಗಿನ ಸಾರಜನಕ ಹಿಂಡಿಯಾಗಿ ದನಗಳ ಮೇವಿಗೆ ಹೋಗುತ್ತದೆ, ನಾರಿನಲ್ಲಿರುವುದು ಬಾಯ್ಲರ್‌ನಲ್ಲಿ ಉರಿದು ಹೋಗುತ್ತದೆ. ಆದ್ದರಿಂದ ಕಾಂಪೋಸ್ಟ್ ಹಾಕಿದ ಮಾತ್ರಕ್ಕೆ ಯೂರಿಯಾ ಬೇಡವೆಂದು ಯಾರಾದರೂ ಹೇಳಿದರೆ ನಂಬಬಾರದು. ಈ ಕಾಂಪೋಸ್ಟಿನ ಬಲವಿರುವುದು ಪೊಟ್ಯಾಷ್‌ನಲ್ಲಿ ಮತ್ತು ಸಾವಯವ ಇಂಗಾಲದಲ್ಲಿ. ಭಾರತ ತನ್ನ ಪೊಟ್ಯಾಷ್ ರಸಗೊಬ್ಬರಕ್ಕೆ ಹೆಚ್ಚೂಕಡಿಮೆ ಪೂರ್ತಿಯಾಗಿ ಕೆನಡಾ, ರಷ್ಯಾ, ಬೆಲಾರೂಸ್‌ನಂಥ ದೇಶಗಳನ್ನು ನೆಚ್ಚಿಕೊಂಡಿದೆ. 2022ರಲ್ಲಿ ಉಕ್ರೇನ್ ಯುದ್ಧದ ಬಿಸಿಗೆ ಎಂಒಪಿ (ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬ ರಸಗೊಬ್ಬರ) ಗೊಬ್ಬರದ 50 ಕೆ.ಜಿ. ಚೀಲದ ಬೆಲೆ 1,700 ರೂಪಾಯಿ ಮುಟ್ಟಿದ್ದನ್ನು ಬಾಳೆ, ಅಡಿಕೆ, ಕಬ್ಬು ಬೆಳೆಯುವ ನಮ್ಮ ರೈತರು ಮರೆತಿರಲಾರರು.

ಸುಟ್ಟರು, ಹರಿಯಬಿಟ್ಟರು, ಆಮೇಲೆ ಕಲಿತರು

ಮಲೇಷ್ಯಾದಲ್ಲಿ ಮೊದಮೊದಲು ಬೋಳುಗೊನೆಯನ್ನು ಗಿರಣಿಯ ಪಕ್ಕದ ಗೂಡುಗಳಲ್ಲಿ ಸುಡುತ್ತಿದ್ದರು. ಬೂದಿಯಲ್ಲಿ ಪೊಟ್ಯಾಷ್ ಅಂಶ ಶೇಕಡ 30ಕ್ಕೂ ಮಿಗಿಲು. ಅದನ್ನು ಆಮ್ಲೀಯ ಮಣ್ಣಿಗೆ ಎರಚುತ್ತಿದ್ದರು. ಪೊಟ್ಯಾಷ್ ಉಳಿಯುತ್ತಿತ್ತು, ಸಾರಜನಕವೂ ಇಂಗಾಲವೂ ಹೊಗೆಯಾಗುತ್ತಿದ್ದವು. 1978ರ ಶುದ್ಧ ಗಾಳಿ ನಿಯಮಗಳು ಬಂದ ಮೇಲೆ ಆ ಹೊಗೆಗೆ ಕಡಿವಾಣ ಬಿತ್ತು. ಕೆಸರು ನೀರಿನ ಮೇಲೆ ಅದಕ್ಕೂ ಒಂದು ವರ್ಷ ಮೊದಲೇ, 1977ರಲ್ಲಿ, ತಾಳೆ ಗಿರಣಿಗಳಿಗಾಗಿಯೇ ಪ್ರತ್ಯೇಕ ನಿಯಮ ಬಂದಿತ್ತು. ಹೊರಬಿಡುವ ನೀರಿನ ಜೈವಿಕ ಆಮ್ಲಜನಕ ಬೇಡಿಕೆಯನ್ನು ಹಂತಹಂತವಾಗಿ ಲೀಟರಿಗೆ 100 ಮಿಲಿಗ್ರಾಂಗೆ ಇಳಿಸಬೇಕೆಂದು ಅದು ಗಡುವು ಕೊಟ್ಟಿತು. 25,000 ಎಲ್ಲಿ, 100 ಎಲ್ಲಿ! ಗಿರಣಿಗಳು ಎಕರೆಗಟ್ಟಲೆ ಕೊಳಗಳನ್ನು ತೋಡಿದವು. ಕೊಳದಲ್ಲಿ ಸೂಕ್ಷ್ಮಾಣುಗಳು ಕೊಳೆಯನ್ನು ತಿಂದು ಮೀಥೇನ್ ಬಿಟ್ಟವು. ಒಂದು ಘನ ಮೀಟರ್ ಕೆಸರು ನೀರಿನಿಂದ ಸುಮಾರು 28 ಘನ ಮೀಟರ್ ಅನಿಲ ಏಳುತ್ತದೆ, ಅದರಲ್ಲಿ ಮೂರನೇ ಎರಡು ಭಾಗ ಮೀಥೇನ್. ಹೊಳೆ ಉಳಿಯಿತು, ಹೊರೆ ಆಕಾಶಕ್ಕೆ ಏರಿತು.

ಸುಡುವುದು ನಿಂತ ಮೇಲೆ ಬೋಳುಗೊನೆಯನ್ನು ಇದ್ದ ಹಾಗೆಯೇ ತೋಟಕ್ಕೆ ಒಯ್ದು ಸಾಲುಗಳ ನಡುವೆ ಹೊದಿಕೆಯಾಗಿ ಹಾಸುವ ಪದ್ಧತಿ ಬೆಳೆಯಿತು. ಒಂದು ಟನ್ ಬೋಳುಗೊನೆಯಲ್ಲಿ ಸುಮಾರು 7 ಕೆ.ಜಿ. ಯೂರಿಯಾ, 19 ಕೆ.ಜಿ. ಎಂಒಪಿಗೆ ಸಮನಾದ ಪೋಷಕಾಂಶವಿದೆ ಎಂಬುದು ಅಲ್ಲಿಯ ತೋಟದವರ ಬಾಯಿಪಾಠದ ಲೆಕ್ಕ. ಹೆಕ್ಟೇರಿಗೆ 30ರಿಂದ 40 ಟನ್ ಹಾಸುತ್ತಾರೆ. ಈ ಪದ್ಧತಿಯ ಮಿತಿಯನ್ನು ಒಂದು ಸರಳ ಭಾಗಾಕಾರ ತೋರಿಸುತ್ತದೆ. ಒಂದು ಹೆಕ್ಟೇರ್ ತೋಟ ವರ್ಷಕ್ಕೆ ಉಂಟುಮಾಡುವುದು ನಾಲ್ಕೂವರೆ ಟನ್ ಬೋಳುಗೊನೆ, ಒಂದು ಹೆಕ್ಟೇರ್ ಬೇಡುವುದು 40 ಟನ್. ಒಂಬತ್ತು ಹೆಕ್ಟೇರಿನ ಬೋಳುಗೊನೆ ಒಂದು ಹೆಕ್ಟೇರಿನ ಹೊದಿಕೆಗೆ ಬೇಕು. ಮೇಲಾಗಿ ಬೋಳುಗೊನೆಯಲ್ಲಿ ಮೂರನೇ ಎರಡು ಭಾಗ ನೀರು. ಇಷ್ಟು ನೀರನ್ನು ಹೊತ್ತು ದೂರ ಹೋಗಲು ಯಾವ ಲಾರಿಗೂ ಕಟ್ಟುವುದಿಲ್ಲ. ಗಿರಣಿಯ ಸುತ್ತಲಿನ ತಾಕುಗಳಿಗೆ ಮಾತ್ರ ಸಿಗುತ್ತದೆ, ದೂರದವು ಬರಿದಾಗುತ್ತಲೇ ಇರುತ್ತವೆ. ಕೆಸರು ನೀರಿನಲ್ಲಿರುವ ಪೊಟ್ಯಾಷ್ ಅಂತೂ ಕೊಳದಲ್ಲೇ ಉಳಿದುಬಿಡುತ್ತದೆ.

ಕಾಂಪೋಸ್ಟ್ ಈ ಎರಡೂ ತೊಡಕುಗಳನ್ನು ಒಟ್ಟಿಗೆ ಬಿಡಿಸುತ್ತದೆ. ಈ ದಿಕ್ಕಿನಲ್ಲಿ ಇಂಡೊನೇಷ್ಯಾದ ಮೇಡಾನ್ ನಗರದಲ್ಲಿರುವ ತಾಳೆ ಸಂಶೋಧನಾ ಸಂಸ್ಥೆ ಗಣ್ಯ ಕೆಲಸ ಮಾಡಿದೆ. ವಿಧಾನ ಹೀಗಿದೆ: ಬೋಳುಗೊನೆಯನ್ನು ಯಂತ್ರದಲ್ಲಿ ಸಿಗಿದು ಎದೆಮಟ್ಟದ ಉದ್ದನೆಯ ದಿಂಡುಗಳಾಗಿ ಒಟ್ಟುತ್ತಾರೆ. ಅದರ ಮೇಲೆ ಕೆಸರು ನೀರನ್ನು ಆಗಾಗ ಸಿಂಪಡಿಸುತ್ತಾರೆ. ಸೂಕ್ಷ್ಮಾಣುಗಳು ಕೆಲಸಕ್ಕೆ ತೊಡಗಿದಂತೆ ದಿಂಡಿನ ಒಳಗಿನ ಬಿಸಿ 60-70 ಡಿಗ್ರಿಗೆ ಏರುತ್ತದೆ. ಆ ಬಿಸಿಗೆ ನೀರು ಆವಿಯಾಗಿ ಹೋಗುತ್ತದೆ, ಪೋಷಕಾಂಶ ದಿಂಡಿನಲ್ಲೇ ನಿಲ್ಲುತ್ತದೆ. ಮತ್ತೆ ಸಿಂಪಡಿಸುತ್ತಾರೆ, ಮತ್ತೆ ಆರುತ್ತದೆ. ಯಂತ್ರದಿಂದ ಮಗುಚಿ ಗಾಳಿ ಆಡಿಸುತ್ತಾರೆ. ಹತ್ತು ಹನ್ನೆರಡು ವಾರಗಳಲ್ಲಿ ಕಪ್ಪಗೆ, ಪುಡಿಪುಡಿಯಾಗಿ, ಕಾಡಿನ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ. ತೂಕ ಅರ್ಧಕ್ಕೆ ಇಳಿದಿರುತ್ತದೆ. ಇಂಗಾಲ ಮತ್ತು ಸಾರಜನಕದ ಅನುಪಾತ 50ರ ಸುಮಾರಿನಿಂದ 15ರ ಆಸುಪಾಸಿಗೆ ಬಂದಿರುತ್ತದೆ, ಅಂದರೆ ಚೆನ್ನಾಗಿ ಕಳಿತಿದೆ ಎಂದರ್ಥ.

ಇದರಲ್ಲಿ ನನಗೆ ಸದಾ ಬೆರಗು ಹುಟ್ಟಿಸುವ ಒಂದು ಹೊಂದಾಣಿಕೆ ಇದೆ. ಒಂದು ಟನ್ ಬೋಳುಗೊನೆ ತನ್ನ ಬಿಸಿಯಿಂದ ಸುಮಾರು ಮೂರು ಸಾವಿರ ಲೀಟರ್ ಕೆಸರು ನೀರನ್ನು ಆರಿಸಬಲ್ಲದು. ಗಿರಣಿಯಲ್ಲಿ ಒಂದು ಟನ್ ಬೋಳುಗೊನೆ ಹೊರಬೀಳುವಾಗ ಅದರ ಜೊತೆಗೆ ಹೊರಬರುವ ಕೆಸರು ನೀರೂ ಸುಮಾರು ಮೂರು ಸಾವಿರ ಲೀಟರೇ. ಒಂದು ತ್ಯಾಜ್ಯ ಇನ್ನೊಂದನ್ನು ಪೂರ್ತಿ ಕುಡಿದುಬಿಡುತ್ತದೆ, ಹೊಳೆಗೆ ಬಿಡಲು ಏನೂ ಉಳಿಯುವುದಿಲ್ಲ. ಮೊದಲು ಕೆಸರು ನೀರಿನಿಂದ ಜೈವಿಕ ಅನಿಲ ತೆಗೆದು, ಆಮೇಲೆ ಉಳಿದ ನೀರನ್ನು ದಿಂಡಿಗೆ ಹಾಕಿದರೂ ಗೊಬ್ಬರಕ್ಕೆ ನಷ್ಟವಿಲ್ಲ. ಅನಿಲವಾಗಿ ಹೋಗುವುದು ಇಂಗಾಲವೇ ಹೊರತು ಪೊಟ್ಯಾಷ್ ಅಲ್ಲ.

ಕರ್ನಾಟಕದ ಕಬ್ಬು ಬೆಳೆಗಾರರಿಗೆ ಈ ವಿಧಾನ ಅಪರಿಚಿತವಲ್ಲ. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ಅನ್ನು ದಿಂಡು ಹಾಕಿ, ಅದರ ಮೇಲೆ ಡಿಸ್ಟಿಲರಿಯ ಸ್ಪೆಂಟ್‌ವಾಶ್ (ಮದ್ಯಸಾರ ಬಟ್ಟಿಯಿಳಿಸಿದ ಮೇಲೆ ಉಳಿಯುವ ದ್ರವ) ಸಿಂಪಡಿಸಿ, ಯಂತ್ರದಿಂದ ಮಗುಚಿ ಗೊಬ್ಬರ ಮಾಡುವುದನ್ನು ಅವರು ವರ್ಷಗಳಿಂದ ಕಂಡಿದ್ದಾರೆ. ಘನ ತ್ಯಾಜ್ಯಕ್ಕೆ ದ್ರವ ತ್ಯಾಜ್ಯವನ್ನು ಕುಡಿಸುವ ಅದೇ ಉಪಾಯ ಇದು. ಹಾಗಾಗಿ ತಂತ್ರಜ್ಞಾನ ಹೊಸದು, ರೈತರಿಗೆ ಅರ್ಥವಾಗುವುದಿಲ್ಲ ಎಂಬ ನೆಪ ಇಲ್ಲಿ ನಿಲ್ಲುವುದಿಲ್ಲ.

ಇಳುವರಿ ನಿಜವಾಗಿ ಏರುತ್ತದೆಯೇ

ರೈತ ಕೇಳುವ ಮೊದಲ ಪ್ರಶ್ನೆ ಇದೇ, ಮತ್ತು ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕು. ಕಾಂಪೋಸ್ಟ್ ಮಾರುವವರ ಕರಪತ್ರಗಳಲ್ಲಿ ಕಾಣುವ ಶೇಕಡಾವಾರು ಏರಿಕೆಗಳನ್ನು ನಾನು ಇಲ್ಲಿ ಎತ್ತಿ ಹೇಳುವುದಿಲ್ಲ. ಇಂಡೊನೇಷ್ಯಾದ ಮಧ್ಯ ಸುಮಾತ್ರದಲ್ಲಿ ಬೋಳುಗೊನೆಯ ಬಳಕೆಯ ಮೇಲೆ 15 ವರ್ಷ ನಡೆದ ಪ್ರಯೋಗದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಬೋಳುಗೊನೆಯ ಜೊತೆಗೆ ಪೂರಕವಾಗಿ ರಸಗೊಬ್ಬರ ಹಾಕಿದ ತಾಕುಗಳು ಮತ್ತು ಬರೀ ರಸಗೊಬ್ಬರ ಕಂಡ ತಾಕುಗಳ ನಡುವೆ ಇಳುವರಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಣ್ಣಿನ ಸಾವಯವ ಇಂಗಾಲ ಮಾತ್ರ ಹೆಚ್ಚಿತು.

ಇದನ್ನು ಸೋಲು ಎಂದು ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ. ಆ ಹೋಲಿಕೆ ನಡೆದದ್ದು ಪೂರ್ತಿ ಪ್ರಮಾಣದ ರಸಗೊಬ್ಬರವನ್ನು ಹೊತ್ತುಹೊತ್ತಿಗೆ ಕಂಡ, ಧಾರಾಳ ಮಳೆ ಬೀಳುವ ಎಸ್ಟೇಟಿನಲ್ಲಿ. ಅಂಥ ಉಪಚಾರಕ್ಕೆ ಗಿರಣಿಯ ತ್ಯಾಜ್ಯ ಸರಿಸಮವಾಗಿ ನಿಂತಿತು ಎಂಬುದೇ ದೊಡ್ಡ ಮಾತು. ನಮ್ಮ ಸಣ್ಣ ರೈತನ ತೋಟದ ಸ್ಥಿತಿ ಬೇರೆ. ತಾಳೆಯ ಬೆಲೆ ಇಳಿದ ವರ್ಷ ಅವನು ಮೊದಲು ಕೈಬಿಡುವುದು ಪೊಟ್ಯಾಷ್ ಅನ್ನೇ. ದೊಡ್ಡ ಮರಕ್ಕೆ ವರ್ಷಕ್ಕೆ ಕನಿಷ್ಠ 1,200 ಗ್ರಾಂ ಪೊಟ್ಯಾಷ್ ಬೇಕೆಂದು ನಮ್ಮ ಶಿಫಾರಸು ಹೇಳುತ್ತದೆ. ಅದು ಎರಡು ಕಿಲೋ ಎಂಒಪಿ. ಹೆಕ್ಟೇರಿಗೆ 143 ಮರ ಎಂದರೆ ಆರು ಚೀಲಕ್ಕೆ ಹತ್ತಿರ. ಇದನ್ನು ತಪ್ಪದೆ ಹಾಕಲಾಗದ ತೋಟದಲ್ಲಿ ಕಾಂಪೋಸ್ಟಿನ ಪೊಟ್ಯಾಷ್ ಮೇಲೋಗರವಲ್ಲ, ಊಟವೇ.

ಇನ್ನೊಂದು ಸಂಗತಿ ನೀರಿನದು. ತಾಳೆಯ ಗೊನೆ ಕೊಯ್ಲಿಗೆ ಬರುವ ಸುಮಾರು ಎರಡು ವರ್ಷ ಮೊದಲೇ ಆ ಹೂಗೊಂಚಲು ಹೆಣ್ಣಾಗಬೇಕೋ ಗಂಡಾಗಬೇಕೋ ಎಂಬುದು ಮರದ ಸುಳಿಯೊಳಗೆ ತೀರ್ಮಾನವಾಗಿರುತ್ತದೆ. ಆ ಹೊತ್ತಿನಲ್ಲಿ ಮರ ಬಾಯಾರಿದ್ದರೆ ಗಂಡು ಹೂಗಳು ಹೆಚ್ಚುತ್ತವೆ, ಗೊನೆಗಳು ಕಡಿಮೆಯಾಗುತ್ತವೆ. ಈ ಬೇಸಿಗೆಯ ಬರ ರೈತನ ಕೈಗೆ ತಟ್ಟುವುದು ಎರಡು ವರ್ಷ ಕಳೆದ ಮೇಲೆ. ಮಲೇಷ್ಯಾದಲ್ಲಿ ತಿಂಗಳು ತಿಂಗಳೂ ಮಳೆ. ನಮ್ಮಲ್ಲಿ ಜನವರಿಯಿಂದ ಮೇ ತನಕ ಹನಿ ನೀರಾವರಿಯೇ ಗತಿ, ಬಿಸಿಲಿನ ದಿನಗಳಲ್ಲಿ ದೊಡ್ಡ ಮರಕ್ಕೆ 200 ಲೀಟರಿಗೂ ಹೆಚ್ಚು ನೀರು. ಕೊಳವೆಬಾವಿ ಕೈಕೊಟ್ಟರೆ ಮುಗಿಯಿತು. ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿದ್ದಷ್ಟೂ ಕೊಟ್ಟ ನೀರು ಬೇರಿನ ಬಳಿ ಹೆಚ್ಚು ಹೊತ್ತು ನಿಲ್ಲುತ್ತದೆ. ಈ ಕಾರಣಕ್ಕಾಗಿಯೇ, ಮರಳು ಮಿಶ್ರಿತ ಕೆಂಪು ಮಣ್ಣಿನ ನಮ್ಮ ತೋಟಗಳಲ್ಲಿ ಕಾಂಪೋಸ್ಟಿನಿಂದ ಆಗುವ ಲಾಭ ಸುಮಾತ್ರಕ್ಕಿಂತ ಹೆಚ್ಚಿರಬೇಕು ಎಂದು ನಾನು ಎಣಿಸುತ್ತೇನೆ. ಫಲ ನೋಡಲು ಕನಿಷ್ಠ ಎರಡು ವರ್ಷ ಕಾಯಬೇಕು ಎಂಬುದೂ ಅದೇ ಕಾರಣಕ್ಕೆ. ಒಂದು ಮಳೆಗಾಲಕ್ಕೆ ಹಾಕಿ ಫಲ ಕಾಣಲಿಲ್ಲವೆಂದು ಬಿಡುವವರಿಗೆ ಈ ಮಾತನ್ನು ಮೊದಲೇ ತಿಳಿಸಬೇಕು.

ಎಚ್ಚರಿಕೆಯ ಮಾತುಗಳೂ ಇವೆ. ಹಸಿ ಬೋಳುಗೊನೆಯ ರಾಶಿ, ಅರೆಬರೆ ಕೊಳೆತ ದಿಂಡು, ಇವು ಕುರುವಾಯಿ ಹುಳುವಿಗೆ ಹೆರಿಗೆ ಮನೆ. ತೆಂಗಿನ ಸುಳಿಯನ್ನು ಕತ್ತರಿಸಿ ಗರಿಯನ್ನು ಬೀಸಣಿಗೆಯಂತೆ ಮಾಡುವ ಆ ಕೊಂಬಿನ ದುಂಬಿಯೇ ತಾಳೆಗೂ ಶತ್ರು. ತಾಳೆಯ ಪಕ್ಕದಲ್ಲೇ ತೆಂಗು ಇರುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. 60 ಡಿಗ್ರಿ ದಾಟಿದ ಬಿಸಿಯಲ್ಲಿ ಮೊಟ್ಟೆ ಮರಿಗಳು ಉಳಿಯುವುದಿಲ್ಲ, ಆದರೆ ದಿಂಡನ್ನು ಹೊತ್ತಿಗೆ ಸರಿಯಾಗಿ ಮಗುಚದಿದ್ದರೆ ಅಂಚಿನಲ್ಲಿ ತಂಪಾದ ಜಾಗ ಉಳಿದುಬಿಡುತ್ತದೆ. ಇನ್ನೊಂದು, ಪೊಟ್ಯಾಷ್ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಮೇಲೆ ಸೂರಿಲ್ಲದೆ ಮಳೆಗಾಲದಲ್ಲಿ ಬಿಟ್ಟ ದಿಂಡಿನಿಂದ ಅದು ಕಂದು ರಸವಾಗಿ ಹರಿದು ಹೋಗುತ್ತದೆ. ಕಾಂಪೋಸ್ಟ್ ಅಂಗಳಕ್ಕೆ ಗಟ್ಟಿ ನೆಲ, ಮೇಲೆ ಹೊದಿಕೆ, ಸೋರಿದ ರಸವನ್ನು ಮತ್ತೆ ದಿಂಡಿಗೇ ಸುರಿಯಲು ಗುಂಡಿ, ಇಷ್ಟು ಇಲ್ಲದಿದ್ದರೆ ಸಿಗುವುದು ನಾರಿನ ಪುಡಿ ಮಾತ್ರ.

ಗಿರಣಿ ಒಬ್ಬರದು, ತೋಟ ಇನ್ನೊಬ್ಬರದು

ಮಲೇಷ್ಯಾ, ಇಂಡೊನೇಷ್ಯಾಗಳ ದೊಡ್ಡ ಎಸ್ಟೇಟುಗಳಲ್ಲಿ ಗಿರಣಿ ತೋಟದ ನಡುವೆಯೇ ಇರುತ್ತದೆ, ಎರಡಕ್ಕೂ ಒಬ್ಬನೇ ಒಡೆಯ. ಕಾಂಪೋಸ್ಟ್ ಮಾಡಿದ ಖರ್ಚೂ ಅವನದೇ, ರಸಗೊಬ್ಬರದಲ್ಲಿ ಆದ ಉಳಿತಾಯವೂ ಅವನದೇ. ನಮ್ಮಲ್ಲಿ ಅಂಥ ವ್ಯವಸ್ಥೆಗೆ ಹತ್ತಿರವಿರುವುದು ಕೇರಳದಲ್ಲಿ 1977ರಲ್ಲಿ ಶುರುವಾದ, ಸರ್ಕಾರದ ಒಡೆತನದ ಆಯಿಲ್ ಪಾಮ್ ಇಂಡಿಯಾ. ಆಂಧ್ರಪ್ರದೇಶ, ತೆಲಂಗಾಣ, ಕರ್ನಾಟಕಗಳಲ್ಲಿ ತಾಳೆ ಸಣ್ಣ ಮತ್ತು ಮಧ್ಯಮ ರೈತರ ಬೆಳೆ. ಒಂದೊಂದು ಪ್ರದೇಶವನ್ನು ಒಂದೊಂದು ಕಂಪನಿಗೆ ಹಂಚಿಕೊಟ್ಟಿರುತ್ತಾರೆ. ರೈತ ತನ್ನ ಗೊನೆಯನ್ನು ಆ ಕಂಪನಿಗೇ ಕೊಡಬೇಕು. ಕರ್ನಾಟಕದಲ್ಲಿ ಭದ್ರಾ, ತುಂಗಭದ್ರಾ, ಕಾವೇರಿ ನೀರಾವರಿಯ ಸೀಮೆಗಳಲ್ಲಿ ತೋಟಗಳು ಚದುರಿಕೊಂಡಿವೆ, ಗಿರಣಿಗಳು ಬೆರಳೆಣಿಕೆಯವು. ಗೊನೆ ಒಂದೆಡೆಯಿಂದ ಇನ್ನೊಂದೆಡೆಗೆ ಬಹುದೂರ ಪಯಣಿಸುತ್ತದೆ.

ಈ ಏರ್ಪಾಡಿನಲ್ಲಿ ಲಾಭನಷ್ಟಗಳು ಬೇರೆಬೇರೆ ಕೈಗಳಿಗೆ ಹೋಗುತ್ತವೆ. ಕಾಂಪೋಸ್ಟ್ ಅಂಗಳ ಕಟ್ಟುವ ಖರ್ಚು ಗಿರಣಿಯದು, ಪೊಟ್ಯಾಷ್ ಉಳಿತಾಯ ರೈತನದು. ಗಿರಣಿ ಯಾಕೆ ಕಟ್ಟಬೇಕು? ಬೋಳುಗೊನೆಯನ್ನು ಹಿಂಡಿ ಒಣಗಿಸಿ ಉರುವಲಾಗಿ ಮಾರುವುದು ಅದಕ್ಕೆ ಸುಲಭ. ಆದರೆ ಬಾಯ್ಲರ್ ನಡೆಸುವವರಿಗೆ ಬೋಳುಗೊನೆಯ ಮೇಲೆ ಹಳೆಯ ದೂರೊಂದಿದೆ: ಅದರ ಪೊಟ್ಯಾಷ್ ಬೂದಿಯನ್ನು ಕರಗಿಸಿ ಕೊಳವೆಗಳಿಗೆ ಗಾಜಿನಂತೆ ಅಂಟಿಸುತ್ತದೆ. ಒಲೆಗೆ ಬೇಡವಾದದ್ದೇ ಬೇರಿಗೆ ಬೇಕಾದದ್ದು. ಅದು ಒಲೆಗೆ ಹೋಗುತ್ತಿರುವುದಕ್ಕೆ ಕಾರಣ ಅದರ ಬೆಲೆಯನ್ನು ಯಾರೂ ಬರೆದಿಡದಿರುವುದು.

ಬೆಲೆಯ ಸೂತ್ರವನ್ನು ನೋಡಿ. ಅಭಿಯಾನದ ಅಡಿಯಲ್ಲಿ ರೈತನಿಗೆ ಖಾತರಿ ಕೊಡುವ ದರ ಕಚ್ಚಾ ತಾಳೆ ಎಣ್ಣೆಯ ಐದು ವರ್ಷದ ಸರಾಸರಿ ಬೆಲೆಯನ್ನು ಸಗಟು ಬೆಲೆ ಸೂಚ್ಯಂಕದೊಡನೆ ಹೊಂದಿಸಿ, ಅದರ ಶೇಕಡ 14.3 ಎಂದು ನಿಗದಿಯಾಗುತ್ತದೆ. ಗೊನೆಯೆಂದರೆ ಎಣ್ಣೆ ಎಂಬ ಎಣಿಕೆಯ ಮೇಲೆ ನಿಂತ ಸೂತ್ರವಿದು. ಗೊನೆಯೊಡನೆ ಹೋದ ಪೊಟ್ಯಾಷ್‌ಗೆ ಅದರಲ್ಲಿ ಜಾಗವಿಲ್ಲ. ಅಡಿಕೆಯ ಧಾರಣೆ ದಿನವೂ ಕಿವಿಗೆ ಬೀಳುವ ಶಿವಮೊಗ್ಗ, ದಾವಣಗೆರೆ ಸೀಮೆಯ ರೈತ ತಾಳೆಯಲ್ಲಿ ಉಳಿಯಬೇಕೇ ಬೇಡವೇ ಎಂದು ತೂಗುವಾಗ ಗೊಬ್ಬರದ ಖರ್ಚೂ ತಕ್ಕಡಿಯಲ್ಲಿರುತ್ತದೆ ಎಂಬುದನ್ನು ಸೂತ್ರ ಬರೆದವರು ಕಾಣಬೇಕಿತ್ತು.

ಸರ್ಕಾರ ಇಂಥದ್ದನ್ನು ಬೇರೆಡೆ ಕಂಡಿದೆ. ಡಿಸ್ಟಿಲರಿಗಳಲ್ಲಿ ಸ್ಪೆಂಟ್‌ವಾಶ್ ಸುಟ್ಟು ಬರುವ ಬೂದಿಯಿಂದ ತಯಾರಾಗುವ, ಕಾಕಂಬಿ ಮೂಲದ ಪೊಟ್ಯಾಷ್ ಅನ್ನು 2021ರಲ್ಲಿ ಪೋಷಕಾಂಶ ಆಧಾರಿತ ಸಬ್ಸಿಡಿಯ ವ್ಯಾಪ್ತಿಗೆ ತಂದಿತು. ಅದರಲ್ಲಿ ಪೊಟ್ಯಾಷ್ ಇರುವುದು ಶೇಕಡ 14.5. ಸಕ್ಕರೆಯ ತ್ಯಾಜ್ಯದಲ್ಲಿ ದೇಶದ ಪೊಟ್ಯಾಷ್ ಕಾಣಿಸಿದ ಕಣ್ಣಿಗೆ ತಾಳೆಯ ತ್ಯಾಜ್ಯದಲ್ಲೂ ಅದು ಕಾಣಿಸಬೇಕು. ಗಿರಣಿಗೆ ಬಂಡವಾಳ ನೆರವು ಕೊಡುವಾಗ ಕಾಂಪೋಸ್ಟ್ ಅಂಗಳವನ್ನೂ ಷರತ್ತಾಗಿ ಸೇರಿಸುವುದಕ್ಕೆ ಹೊಸ ಕಾನೂನಿನ ಅಗತ್ಯವೇನಿಲ್ಲ. ಅದಕ್ಕಿಂತ ಮುಖ್ಯವಾಗಿ, ತೂಕದ ಚೀಟಿಯಲ್ಲಿ ಒಂದು ಸಾಲು ಹೆಚ್ಚಬೇಕು: ಇಷ್ಟು ಗೊನೆ ಬಂತು, ಇಷ್ಟು ಕಾಂಪೋಸ್ಟ್ ರೈತನಿಗೆ ಸಲ್ಲಬೇಕು ಎಂದು.

ಐದು ಎಕರೆ ತಾಳೆ ಇರುವ ರೈತನ ಹೆಸರಿನಲ್ಲಿ ಆ ಸಾಲನ್ನು ಬರೆದು ನೋಡೋಣ. 286 ಮರಗಳು, ಒಳ್ಳೆಯ ವರ್ಷದಲ್ಲಿ 40 ಟನ್ ಗೊನೆ. ಗಿರಣಿಯಲ್ಲಿ ಅದರ ಬೋಳುಗೊನೆ ಒಂಬತ್ತು ಟನ್, ಕಾಂಪೋಸ್ಟ್ ಆದ ಮೇಲೆ ನಾಲ್ಕೂವರೆ ಟನ್, ಮರವೊಂದಕ್ಕೆ 15 ಕೆ.ಜಿ. ಕಾಗದದ ಮೇಲೆ ಅದರಲ್ಲಿರುವ ಪೊಟ್ಯಾಷ್ ಐದು ಚೀಲ ಎಂಒಪಿಗೆ ಸಮ. ಸೋರಿದ್ದು, ಹಾರಿದ್ದು ಕಳೆದು ಅರ್ಧವೇ ಉಳಿದರೂ ಎರಡೂವರೆ ಚೀಲ. 2022ರ ಧಾರಣೆಯಲ್ಲಿ 4,250 ರೂಪಾಯಿ. ಜೊತೆಗೆ ಸಾವಯವ ಪದಾರ್ಥವೂ ಲೆಕ್ಕಕ್ಕೆ ಹಿಡಿಯದೆ ಮಣ್ಣಿಗೆ ಸೇರುತ್ತದೆ. ವರ್ಷವಿಡೀ 40 ಟನ್ ಗೊನೆ ಹೊತ್ತು ಗಿರಣಿಗೆ ಹೋದ ಲಾರಿಗಳೆಲ್ಲ ಊರಿಗೆ ಖಾಲಿಯೇ ಮರಳಿವೆ. ಈ ರೈತನ ಪಾಲು ತೋಟಕ್ಕೆ ಬಂದು ಸೇರಲು ಅವುಗಳಲ್ಲಿ ಒಂದು ಲಾರಿ, ಒಂದು ಸಲ, ತುಂಬಿಕೊಂಡು ಬಂದರೆ ಸಾಕು.